ತಿಂಗಳ ಸಾಮಾನಿನ ಚೀಟಿ

ನಮ್ಮ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ತಿಂಗಳ ಸಾಮಾನಿನ ಚೀಟಿ ಅರಿಶಿನದಿಂದ ಶುರುವಾಗುತ್ತದೆ. ಡಬ್ಬಿಯಲ್ಲಿ ಅರಿಶಿನದ ಪುಡಿ ತುಂಬಿದ್ದರೂ ಚೀಟಿಯ ತಲೆಯಲ್ಲಿ ಒಂದು ಐವತ್ತು ಗ್ರಾಂ ಬರೆದೇ ಬರೆಯುತ್ತಾರೆ. ಆಮೇಲೆ ಅಕ್ಕಿ, ತೊಗರಿಬೇಳೆ, ಉದ್ದಿನಬೇಳೆ, ಕಡಲೆಬೇಳೆ, ಹೆಸರುಬೇಳೆ, ರವೆ, ಅವಲಕ್ಕಿ, ಎಣ್ಣೆ, ಬೆಲ್ಲ, ಸಕ್ಕರೆ, ಹುಣಸೆಹಣ್ಣು, ಮೆಣಸಿನಕಾಯಿ, ಧನಿಯ, ಜೀರಿಗೆ, ಮೆಂತ್ಯ, ಸಾಸಿವೆ, ಕೊನೆಗೆ ಬಟ್ಟೆ ಸೋಪು, ಪಾತ್ರೆ ಸೋಪು, ಊದುಬತ್ತಿ, ಕರ್ಪೂರ. ಅತ್ತೆ ಬರೆದ ಕ್ರಮದಲ್ಲೇ ಸೊಸೆ ಬರೆಯುತ್ತಾಳೆ, ತಾಯಿ ಬರೆದ ಹಾಗೆ ಮಗಳು.

ಈ ಚೀಟಿ ಬರೆಯುವ ಮುಂಚೆ ನಡೆಯುವ ಕೆಲಸವೊಂದಿದೆ. ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಒಳಗೆಷ್ಟಿದೆ ಎಂದು ನೋಡುವುದು. ಅಡುಗೆ ಮಾಡುವವರು ನೋಡಿದ ಕೂಡಲೇ ಹೇಳುತ್ತಾರೆ: ‘ಉದ್ದಿನಬೇಳೆ ಇನ್ನೆರಡು ಸಲ ನೆನೆಹಾಕುವಷ್ಟಿದೆ, ತೊಗರಿಬೇಳೆ ಸೋಮವಾರದವರೆಗೆ ಬರುತ್ತೆ, ಮೆಂತ್ಯ ಈ ತಿಂಗಳು ಬೇಡ.’ ಗ್ರಾಮು ಕಿಲೋಗಳ ಲೆಕ್ಕಕ್ಕಿಂತ ಇದು ಖಚಿತವಾದ ಲೆಕ್ಕ. ಮನೆಯಲ್ಲಿ ಯಾರು ಎಷ್ಟು ಉಣ್ಣುತ್ತಾರೆ, ಈ ತಿಂಗಳು ಯಾವ ಹಬ್ಬ ಇದೆ, ಯಾವ ನೆಂಟರು ಬರುವವರಿದ್ದಾರೆ ಎಂಬುದೆಲ್ಲ ಆ ಒಂದು ನೋಟದಲ್ಲಿ ಸೇರಿರುತ್ತದೆ. ತಿಂಗಳ ಖರ್ಚು ಹಿಡಿತದಲ್ಲಿರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಹೊತ್ತಿನಲ್ಲೇ ತೀರ್ಮಾನವಾಗಿಬಿಡುತ್ತದೆ ಎಂದು ನಾನು ನಂಬಿದ್ದೇನೆ. ಅಂಗಡಿಯಲ್ಲಿ ಸಿಗುವ ರಿಯಾಯಿತಿ, ಮೊಬೈಲಿಗೆ ಬರುವ ಕೂಪನ್ ಎಲ್ಲ ಇದರ ಆಮೇಲಿನ ಮಾತು.

ಕೂಪನ್ ನಮಗೆ ಹೊಸದಲ್ಲ. ಚಹಾಪುಡಿಯ ಜೊತೆ ಚಮಚ, ಬಟ್ಟೆ ಸೋಪಿನ ಜೊತೆ ಪ್ಲಾಸ್ಟಿಕ್ ಡಬ್ಬಿ, ಇಂತಿಷ್ಟು ಖಾಲಿ ಪೊಟ್ಟಣ ಕೊಟ್ಟರೆ ಒಂದು ಸ್ಟೀಲ್ ಲೋಟ ಎಂಬುದನ್ನೆಲ್ಲ ನಮ್ಮ ಮನೆಗಳು ಕಂಡಿವೆ. ಅಮೆರಿಕದಲ್ಲಿ ಅದಕ್ಕೊಂದು ದೊಡ್ಡ ಚರಿತ್ರೆಯೇ ಇದೆ. 1880ರ ದಶಕದ ಕೊನೆಗೆ ಅಟ್ಲಾಂಟಾದ ಕೋಕಾ ಕೋಲಾದವರು ಒಂದು ಲೋಟ ಪಾನೀಯ ಉಚಿತ ಎಂದು ಚೀಟಿ ಹಂಚಿದಲ್ಲಿಂದ ಶುರುವಾದದ್ದು, ಭಾನುವಾರದ ಪತ್ರಿಕೆಯೊಳಗೆ ಕಂತೆಕಂತೆಯಾಗಿ ಬರುವವರೆಗೆ ಬೆಳೆಯಿತು. ಅಲ್ಲಿ ನೆಲೆಸಿದ ನಮ್ಮವರು ಮೊದಲ ವರ್ಷಗಳಲ್ಲಿ ಕತ್ತರಿ ಹಿಡಿದು ಅದನ್ನೆಲ್ಲ ಕತ್ತರಿಸಿ ಇಟ್ಟುಕೊಂಡು, ಕೆಲವೇ ದಿನಗಳಲ್ಲಿ ಒಂದು ಸಂಗತಿ ಗಮನಿಸುತ್ತಾರೆ: ಶಾಂಪೂವಿಗೆ, ಡಬ್ಬಿಯ ತಿಂಡಿಗೆ, ತಂಪು ಪಾನೀಯಕ್ಕೆ ಬೇಕಾದಷ್ಟು ಕೂಪನ್ ಉಂಟು, ಬೇಳೆಗೂ ಸೊಪ್ಪಿಗೂ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಇದು ಅಲ್ಲಿಗೂ ಇಲ್ಲಿಗೂ ಒಂದೇ. ಕೂಪನ್ ಕೊಡುವವರು ಹೆಸರಿಟ್ಟು ಮಾರುವ ಕಂಪನಿಯವರು. ದಂಟಿನ ಸೊಪ್ಪಿಗೆ ಕಂಪನಿ ಇಲ್ಲ, ಹುರುಳಿಕಾಳಿಗೆ ಜಾಹೀರಾತು ಇಲ್ಲ. ಹಾಗಾಗಿ ಕೂಪನ್ನಿನ ಹಿಂದೆ ಹೊರಟ ಚೀಟಿಯಲ್ಲಿ ಪೊಟ್ಟಣದ ತಿಂಡಿ ಏರುತ್ತದೆ, ಅಡುಗೆಮನೆಯ ನಿಜವಾದ ಸಾಮಾನು ಇಳಿಯುತ್ತದೆ.

ಈಗಿನ ಮೊಬೈಲ್ ಕೂಪನ್ನಿನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು. 999 ರೂಪಾಯಿ ಮೀರಿದರೆ 100 ರೂಪಾಯಿ ಕಡಿತ ಎಂದಿರುತ್ತದೆ ಅಂತಿಟ್ಟುಕೊಳ್ಳಿ. ನಮಗೆ ಬೇಕಾದದ್ದು 760 ರೂಪಾಯಿಯ ಸಾಮಾನು. ಕಡಿತದ ಆಸೆಗೆ ಇನ್ನೊಂದು 240 ರೂಪಾಯಿಯದು ಸೇರಿಸುತ್ತೇವೆ. 100 ಕಳೆದು 900 ಕೊಡುತ್ತೇವೆ. ನೂರು ಉಳಿಯಿತು ಎಂದು ಪರದೆ ತೋರಿಸುತ್ತದೆ, ಕೈಯಿಂದ ಹೋದದ್ದು 140 ಹೆಚ್ಚು. ಸೇರಿಸಿದ್ದು ಮುಂದಿನ ತಿಂಗಳ ಬಟ್ಟೆ ಸೋಪೋ ಎಣ್ಣೆಯೋ ಆಗಿದ್ದರೆ ಅದು ಒಳ್ಳೆಯ ವ್ಯಾಪಾರ, ಏಕೆಂದರೆ ಆ ದುಡ್ಡು ಹೇಗೂ ಹೋಗಬೇಕಾದದ್ದು. ಚಿಪ್ಸೋ ಸಿಹಿ ಬಿಸ್ಕತ್ತೋ ಆಗಿದ್ದರೆ ಅಲ್ಲ. ಹತ್ತು ನಿಮಿಷಕ್ಕೆ ಮನೆಬಾಗಿಲಿಗೆ ತರುವ ವ್ಯವಸ್ಥೆಯಲ್ಲಿ ಇದರ ಮೇಲೆ ತಲುಪಿಸುವ ಶುಲ್ಕ, ನಿರ್ವಹಣೆಯ ಶುಲ್ಕ ಎಂದು ಕೊನೆಯ ಪರದೆಯಲ್ಲಿ ಸೇರುವುದೂ ಉಂಟು. ಹೀಗೆ ಕೊನೆಗೆ ಬೆಲೆ ಏರಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಈಗಲೇ ಕೊಳ್ಳದಿದ್ದರೆ ಮುಗಿದುಹೋಗುತ್ತದೆ ಎಂದು ಸುಳ್ಳು ಅವಸರ ಹುಟ್ಟಿಸುವುದು ಇವನ್ನೆಲ್ಲ ಗ್ರಾಹಕರ ದಾರಿ ತಪ್ಪಿಸುವ ವಿಧಾನಗಳೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಪಟ್ಟಿ ಮಾಡಿ ನಿಷೇಧಿಸಿದೆ. ಕಾನೂನು ಬಂದದ್ದು ಬಹಳ ಒಳ್ಳೆಯದು. ಆದರೂ ಬುಟ್ಟಿಯನ್ನು ಕೊನೆಗೊಮ್ಮೆ ಚೀಟಿಯ ಪಕ್ಕದಲ್ಲಿಟ್ಟು ನೋಡುವ ಕೆಲಸ ನಮ್ಮದೇ.

ಬೆಂಗಳೂರಿನ ನೌಕರಿಯ ಮನೆಗಳಿಗೆ ಇನ್ನೊಂದು ಬಗೆಯ ಕೂಪನ್ ಚೆನ್ನಾಗಿ ಗೊತ್ತು. ಸೊಡೆಕ್ಸೊ ಎಂದು ಊರೆಲ್ಲ ಕರೆಯುತ್ತಿದ್ದ ಊಟದ ಕೂಪನ್ ಅದು. ಕಂಪನಿ ಸಂಬಳದ ಒಂದು ಭಾಗವನ್ನು ಹೀಗೆ ಕೊಟ್ಟರೆ ಊಟವೊಂದಕ್ಕೆ 50 ರೂಪಾಯಿಯವರೆಗೆ ತೆರಿಗೆ ಇಲ್ಲ ಎಂಬ ನಿಯಮ ಬಹುಕಾಲ ಇತ್ತು. ದಿನಸಿ ಅಂಗಡಿಗಳೂ ಅದನ್ನು ತೆಗೆದುಕೊಳ್ಳುತ್ತಿದ್ದುದರಿಂದ ಎಷ್ಟೋ ಮನೆಗಳ ಬೇಳೆ ಅಕ್ಕಿ ಅದರಲ್ಲೇ ಬಂದಿದೆ. ನಾನು ಅದನ್ನು ಮೆಚ್ಚುವುದು ತೆರಿಗೆಯ ಉಳಿತಾಯಕ್ಕಿಂತ ಮತ್ತೊಂದು ಕಾರಣಕ್ಕೆ: ಆ ದುಡ್ಡು ಊಟದ ಸಾಮಾನಿಗೇ ಹೋಗಬೇಕಿತ್ತು, ಬೇರೆ ಕಡೆ ಹರಿಯುವಂತಿರಲಿಲ್ಲ. ಸಂಬಳ ಬಂದ ದಿನವೇ ದಿನಸಿಗೆಂದು ದುಡ್ಡು ಬೇರೆ ಎತ್ತಿಡುವ ಹಳೆಯ ಪದ್ಧತಿಯ ಗುಣವೇ ಅದು.

ದುಡ್ಡು ಹೆಚ್ಚು ಸೋರುವ ಜಾಗ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳಲ್ಲಿದೆ. ಹಿಂದೆ ಎಣ್ಣೆ, ಬಿಸ್ಕತ್ತು, ಚಹಾಪುಡಿಯಂಥವನ್ನು ಗೊತ್ತುಮಾಡಿದ ತೂಕಗಳಲ್ಲೇ ಮಾರಬೇಕೆಂಬ ಕಟ್ಟಳೆ ಇತ್ತು. 2021ರ ತಿದ್ದುಪಡಿ ಅದನ್ನು ತೆಗೆದುಹಾಕಿ, ಅದರ ಬದಲು ಗ್ರಾಮಿಗೋ ಕಿಲೋಗೋ ಲೀಟರಿಗೋ ಎಷ್ಟು ಬೀಳುತ್ತದೆ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಬೇಕೆಂದಿತು. ಒಂದು ಲೀಟರ್ ಅಡುಗೆ ಎಣ್ಣೆ ಎಂದರೆ ಸುಮಾರು 910 ಗ್ರಾಂ. ಈಗ ಅದೇ ಗಾತ್ರದ ಹಾಗೆ ಕಾಣುವ 850, 800 ಗ್ರಾಮಿನ ಪ್ಯಾಕೆಟ್ಟುಗಳೂ ಪಕ್ಕದಲ್ಲೇ ಇರುತ್ತವೆ. 910 ಗ್ರಾಮಿಗೆ 150 ರೂಪಾಯಿ, 850 ಗ್ರಾಮಿಗೆ 143 ಎಂದಿದ್ದರೆ ಕೈ ತಾನಾಗಿ ಏಳು ರೂಪಾಯಿ ಕಡಿಮೆಯದರ ಕಡೆಗೆ ಹೋಗುತ್ತದೆ. ಭಾಗಿಸಿ ನೋಡಿದರೆ ಮೊದಲನೆಯದು ನೂರು ಗ್ರಾಮಿಗೆ 16 ರೂಪಾಯಿ 48 ಪೈಸೆ, ಎರಡನೆಯದು 16 ರೂಪಾಯಿ 82 ಪೈಸೆ. ದೊಡ್ಡ ಪೊಟ್ಟಣವೇ ಅಗ್ಗ ಎಂದು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಶಾಂಪೂವಿನಲ್ಲಿ ಎಷ್ಟೋ ಸಲ ಚಿಕ್ಕ ಸ್ಯಾಷೆಯೇ ಬಾಟಲಿಗಿಂತ ಕಡಿಮೆಗೆ ಬೀಳುತ್ತದೆ. ನಂದಿನಿ ಹಾಲಿನ ಪ್ಯಾಕೆಟ್ಟಿಗೆ 2024ರ ಜೂನ್‌ನಲ್ಲಿ 50 ಮಿಲಿಲೀಟರ್ ಸೇರಿಸಿ 2 ರೂಪಾಯಿ ಏರಿಸಿದರು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿದಾಗ ಆ 50 ಮಿಲಿಲೀಟರ್ ಮತ್ತೆ ಹೋಯಿತು. ಬೆಲೆಯ ಜೊತೆ ಅಳತೆಯನ್ನೂ ನೋಡುವವರಿಗೆ ಮಾತ್ರ ಆ ಎರಡು ಏರಿಕೆಗಳ ಪೂರ್ತಿ ಲೆಕ್ಕ ಸಿಗುತ್ತದೆ. ಹಾಲು ಹಾಕುವ ರೈತರಿಗೆ ಒಳ್ಳೆಯ ಬೆಲೆ ಸಿಗಲಿ ಎಂದೇ ನಾನು ಬಯಸುತ್ತೇನೆ. ಆದರೂ ಬೆಳಗಿನ ಕಾಫಿಗೆ, ರಾತ್ರಿ ಹೆಪ್ಪು ಹಾಕಲು ಎಷ್ಟು ಹಾಲು ಉಳಿಯುತ್ತದೆ ಎಂಬ ಲೆಕ್ಕ ಮನೆಯಲ್ಲಿ ಇರಲೇಬೇಕು.

ಇಷ್ಟೆಲ್ಲ ಕೂಪನ್ನುಗಳಿಗಿಂತ ದೊಡ್ಡ ರಿಯಾಯಿತಿ ಕೊಡುವುದು ಕಾಲ. ಡಿಸೆಂಬರ್ ಜನವರಿಯಲ್ಲಿ ಕಲಬುರಗಿಯ ಹೊಸ ತೊಗರಿ ಮಾರುಕಟ್ಟೆಗೆ ಬರಲು ಶುರುವಾಗುತ್ತದೆ. ಅದರ ಹಿಂದೆಯೇ ಬ್ಯಾಡಗಿಯಲ್ಲಿ ಕೆಂಪು ಮೆಣಸಿನಕಾಯಿಯ ರಾಶಿ ಏಳುತ್ತದೆ. ಶಿವರಾತ್ರಿಯ ಹೊತ್ತಿಗೆ ಹೊಸ ಹುಣಸೆ. ನಮ್ಮ ಅಜ್ಜಿಯರ ಕಾಲದ ಸಂಸಾರಗಳು ಈ ಮೂರನ್ನೂ ವರ್ಷಕ್ಕಾಗುವಷ್ಟು ಆಗಲೇ ತಂದುಬಿಡುತ್ತಿದ್ದವು. ತೊಗರಿಬೇಳೆಗೆ ಹರಳೆಣ್ಣೆ ಸವರಿ ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬುತ್ತಿದ್ದರು, ಹುಳ ಮುಟ್ಟುತ್ತಿರಲಿಲ್ಲ. ಹುಣಸೆಹಣ್ಣಿನ ಬೀಜ ನಾರು ಬಿಡಿಸಿ, ಉಪ್ಪು ಬೆರೆಸಿ, ಜಾಡಿಗೆ ಒತ್ತಿ ಒತ್ತಿ ತುಂಬುತ್ತಿದ್ದರು. ಮೆಣಸಿನಕಾಯಿಯನ್ನು ಗಲಗಲ ಅನ್ನುವವರೆಗೆ ಒಣಗಿಸಿ ಸಾರಿನಪುಡಿ, ಹುಳಿಪುಡಿ ಮಾಡಿಸುತ್ತಿದ್ದರು. ಕರಾವಳಿಯಲ್ಲಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಜಡಿಮಳೆಯ ದಿನಗಳ ಪಲ್ಯಕ್ಕೆ ಚಿಂತೆ ಇರಲಿಲ್ಲ. ಈಗ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಎರಡು ಗಂಟೆ ಬಿಸಿಲು ಬಿದ್ದರೆ ಪುಣ್ಯ, ವರ್ಷದ ಸಾಮಾನಿಡಲು ಜಾಗವೂ ಇಲ್ಲ. ಅಷ್ಟಾದರೂ ಹುಣಸೆಹಣ್ಣು ಮತ್ತು ಮೆಣಸಿನಕಾಯಿಯನ್ನು ಸುಗ್ಗಿಯಲ್ಲಿ ಕೊಳ್ಳುವುದು ಚಿಕ್ಕ ಮನೆಗೂ ಸಾಧ್ಯ. ಅದನ್ನು ನಾನು ಗೊತ್ತಿರುವ ಹೊಸ ಸಂಸಾರದವರಿಗೆಲ್ಲ ಹೇಳುತ್ತೇನೆ.

ಕಾಲ ನೋಡಿ ಕೊಳ್ಳಬೇಕೆಂಬುದು ತರಕಾರಿಯಲ್ಲಿ ಇನ್ನೂ ಸ್ಪಷ್ಟ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಟೊಮೆಟೊ ಇಲ್ಲದ ಅಡುಗೆಯನ್ನು ಅನೇಕರು ಮತ್ತೆ ನೆನಪು ಮಾಡಿಕೊಂಡರು. ಹುಣಸೆಹಣ್ಣಿನ ಸಾರು ಇತ್ತು, ಮಜ್ಜಿಗೆಹುಳಿ ಇತ್ತು, ಮಲೆನಾಡಿನ ತಂಬುಳಿ ಇತ್ತು. ಹಳೆಯ ಮೈಸೂರಿನ ಬಸ್ಸಾರಿಗೆ ನಾನು ಕೈಮುಗಿಯುತ್ತೇನೆ. ಒಂದು ಕಟ್ಟು ಸೊಪ್ಪು, ಒಂದು ಹಿಡಿ ಕಾಳು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಒಂದೇ ಒಲೆ, ಒಂದೇ ಬೇಯಿಸುವಿಕೆ, ಎರಡು ಪದಾರ್ಥ, ಬೇಯಿಸಿದ ನೀರಿನ ಸತ್ವವೂ ಚೆಲ್ಲಿಹೋಗುವುದಿಲ್ಲ. ಹೀರೇಕಾಯಿಯ ಸಿಪ್ಪೆ ಚಟ್ನಿಯಾಗುತ್ತದೆ, ಕಲ್ಲಂಗಡಿಯ ಬಿಳಿಭಾಗ ದೋಸೆಗೆ ಸೇರುತ್ತದೆ. ಇದನ್ನು ಬಡತನದ ಅಡುಗೆ ಎಂದು ಕರೆದರೆ ನನಗೆ ಬೇಸರವಾಗುತ್ತದೆ. ತಲೆಮಾರುಗಳ ಹೆಂಗಸರು ಯೋಚಿಸಿ ಕಟ್ಟಿದ ಜಾಣ್ಮೆ ಇದು, ರುಚಿಯಲ್ಲೂ ಯಾವುದಕ್ಕೂ ಕಡಿಮೆಯಿಲ್ಲ.

ಆದರೆ ಸುಗ್ಗಿಯಲ್ಲಿ ಕೊಳ್ಳಿ ಎಂಬ ಮಾತು ಕೈಯಲ್ಲಿ ಒಟ್ಟಿಗೆ ದುಡ್ಡಿರುವವರಿಗೆ. ದಿನಗೂಲಿಯ ಮನೆ ಸಂಜೆ ಬಂದ ದುಡ್ಡಿನಲ್ಲಿ ಕಾಲು ಕಿಲೋ ಬೇಳೆ, ಸಣ್ಣ ಪ್ಯಾಕೆಟ್ಟಿನ ಎಣ್ಣೆ ಕೊಳ್ಳುತ್ತದೆ, ಒಟ್ಟಿಗೆ ಕೊಳ್ಳುವವರಿಗಿಂತ ಹೆಚ್ಚಿಗೆ ತೆರುತ್ತದೆ. ಬಡವರ ಸಂಪಾದನೆಯಲ್ಲಿ ಊಟದ ಪಾಲು ದೊಡ್ಡದು ಎಂದು ಜರ್ಮನಿಯ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಲೆಕ್ಕ ಹಾಕಿ ತೋರಿಸಿದ. 2022-23ರ ಕೇಂದ್ರದ ಸಮೀಕ್ಷೆಯಲ್ಲಿ ನಮ್ಮ ದೇಶದ ಹಳ್ಳಿಯ ಮನೆಗಳ ಖರ್ಚಿನಲ್ಲಿ ಆಹಾರದ ಪಾಲು ಶೇಕಡ 46, ಪಟ್ಟಣಗಳಲ್ಲಿ 39. ಖರ್ಚಿನ ಅರ್ಧದಷ್ಟು ಊಟಕ್ಕೇ ಹೋಗುವ ಮನೆಗೆ ಬೇಳೆಯ ಬೆಲೆ ಹತ್ತು ರೂಪಾಯಿ ಏರಿದರೂ ಮೈಮೇಲೆ ಬೀಳುತ್ತದೆ. ಅದಕ್ಕೇ ಪಡಿತರದಲ್ಲಿ ಅಕ್ಕಿ ಕೊಡಲು 2013ರ ಜುಲೈಯಲ್ಲಿ ಶುರುವಾದ ಅನ್ನಭಾಗ್ಯ ಯೋಜನೆಯನ್ನು ನಾನು ಪೂರ್ತಿ ಮನಸ್ಸಿನಿಂದ ಒಪ್ಪುತ್ತೇನೆ. ಚೀಟಿಯಿಂದ ಅಕ್ಕಿಯ ಸಾಲು ಅಳಿಸಿದರೆ ಆ ಜಾಗಕ್ಕೆ ಬೇಳೆ ಬರುತ್ತದೆ, ಮೊಟ್ಟೆ ಬರುತ್ತದೆ. 2023ರಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬಂದಾಗಲೂ ಅದು ಇಂಥ ಮನೆಗಳಿಗೆ ಚಿಕ್ಕ ಮೊತ್ತವಾಗಿರಲಿಲ್ಲ.

ಎಲ್ಲಿ ಉಳಿಸಬಾರದು ಎಂಬ ಮಾತನ್ನು ಹೇಳದೆ ಉಳಿತಾಯದ ಮಾತು ಮುಗಿಸಲು ನನಗೆ ಮನಸ್ಸಾಗುವುದಿಲ್ಲ. ಬಿಗಿಯಾದ ತಿಂಗಳಲ್ಲಿ ಎಷ್ಟೋ ಮನೆಗಳ ಉಳಿತಾಯ ಅಡುಗೆ ಮಾಡಿದವಳ ತಟ್ಟೆಯಿಂದಲೇ ಬರುತ್ತದೆ. ಎಲ್ಲರಿಗೂ ಬಡಿಸಿ, ಪಾತ್ರೆಯಲ್ಲಿ ಉಳಿದದ್ದರಲ್ಲಿ ಊಟ ಮುಗಿಸುತ್ತಾಳೆ. ಹಾಲು ಮಕ್ಕಳಿಗೆ, ಮೊಟ್ಟೆ ದುಡಿಯಲು ಹೋಗುವವರಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಇದಕ್ಕೆ ಕಾರಣಗಳು ಹಲವು; ತಟ್ಟೆ ಅವುಗಳಲ್ಲಿ ಒಂದು. ಹಾಗಾಗಿ ಲೆಕ್ಕದ ಪುಸ್ತಕ ಇಡುವ ಮನೆಯಲ್ಲಿ ಚೀಟಿಯನ್ನು ಎಲ್ಲರೂ ಕೂತು ಬರೆಯಬೇಕು. ಗಂಡಸರು ಡಬ್ಬಿಯ ಮುಚ್ಚಳ ತೆಗೆದು ನೋಡಲು ಕಲಿಯಬೇಕು, ಹೈಸ್ಕೂಲಿನ ಮಕ್ಕಳಿಗೆ ನೂರು ಗ್ರಾಮಿನ ಬೆಲೆ ಭಾಗಿಸುವ ಕೆಲಸ ಕೊಡಬೇಕು. ಯಾವ ಸಾಲು ಹೊಡೆದುಹಾಕುವುದು ಎಂಬ ತೀರ್ಮಾನ ಒಬ್ಬಳೇ ಮಾಡುವಂತಾದರೆ ಅವಳು ಮೊದಲು ಹೊಡೆದುಹಾಕುವುದು ತನಗೆ ಬೇಕಾದದ್ದನ್ನೇ.

ಹೊಡೆದುಹಾಕಬೇಕಾದ ಸಾಲುಗಳು ಬೇರೆ ಇವೆ. ತಂಪು ಪಾನೀಯ, ಪೊಟ್ಟಣದ ಕುರುಕಲು, ಮನೆಯಲ್ಲೇ ಪುಡಿ ಮಾಡಬಹುದಾದ ಸಿದ್ಧ ಮಸಾಲೆ, ಎರಡನೆಯ ಬಗೆಯ ಬಟ್ಟೆ ಸೋಪು. ತೊಗರಿಬೇಳೆ, ಹುರುಳಿ, ರಾಗಿ, ಕಡಲೆಕಾಯಿ ಬೀಜ, ಬೆಲ್ಲ, ಹಾಲು ಇವುಗಳ ಮೇಲೆ ಪೆನ್ನು ಹೋಗಬಾರದು. ಈ ತಿಂಗಳು ಎಣ್ಣೆ ತುಟ್ಟಿಯಾಗಿದ್ದರೆ ಬೋಂಡ, ಪೂರಿ, ಹಪ್ಪಳಗಳನ್ನು ಹಬ್ಬದ ದಿನಕ್ಕೆ ಇಟ್ಟುಕೊಂಡು, ಒಂದು ಪ್ಯಾಕೆಟ್ ಎಣ್ಣೆ ಕಡಿಮೆ ತಂದು, ಆ ದುಡ್ಡಿಗೆ ವಾರಕ್ಕೆರಡು ಕಟ್ಟು ನುಗ್ಗೆಸೊಪ್ಪನ್ನೋ ಹರಿವೆಯನ್ನೋ ತನ್ನಿ.