ಕಲಬುರಗಿಗೆ ಬಂದಿದ್ದ ರಷ್ಯಾದ ಕುದುರೆ ವ್ಯಾಪಾರಿ

ಜಪಾನಿನ ಉತ್ತರಕ್ಕೆ ಉದ್ದನೆಯ ಮೀನಿನಂತೆ ಕಾಣುವ ನೆಲ ಸಖಾಲಿನ್. ಅದು ದ್ವೀಪವೋ, ಏಷ್ಯಾಕ್ಕೆ ಅಂಟಿಕೊಂಡ ಪರ್ಯಾಯದ್ವೀಪವೋ ಎಂಬುದು ಯುರೋಪಿನ ನುರಿತ ನಾವಿಕರಿಗೂ ಬಗೆಹರಿದಿರಲಿಲ್ಲ. 1809ರಲ್ಲಿ ಮಾಮಿಯಾ ರಿಂಜೋ ಎಂಬ ಜಪಾನಿ ಸ್ಥಳೀಯರ ಜೊತೆ ದೋಣಿಯೇರಿ, ಜಲಸಂಧಿ ದಾಟಿ, ಆಚೆ ದಡ ಮುಟ್ಟಿ ಬಂದ. ದ್ವೀಪವೇ ಎಂದು ಬರೆದಿಟ್ಟ.

ಹೀಗೆ ಕಣ್ಣಾರೆ ಕಂಡು ಬರೆದವನೊಬ್ಬ ನಮ್ಮ ಸೀಮೆಗೂ ಬಂದಿದ್ದನೆಂದರೆ ವಿದ್ಯಾರ್ಥಿಗಳಿಗೆ ಸೋಜಿಗವಾದೀತು. ಅದೂ ಮಾಮಿಯಾಗಿಂತ ಮುನ್ನೂರಕ್ಕೂ ಹೆಚ್ಚು ವರ್ಷ ಮೊದಲು! ಅವನೇ ರಷ್ಯಾದ ತ್ವೆರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್. ದಾರಿಯಲ್ಲಿ ಅಸ್ತ್ರಖಾನ್ ಬಳಿ ದರೋಡೆಯಾಗಿ ಸರಕು, ಪುಸ್ತಕ ಎಲ್ಲ ಕಳೆದುಕೊಂಡ. ಆದರೂ ಊರಿಗೆ ಮರಳದೆ ಪರ್ಷಿಯಾ, ಹೊರ್ಮುಜ್ ದಾಟಿ, ಒಂದು ಗಂಡುಕುದುರೆಯೊಂದಿಗೆ ಚೌಲ್ ಬಂದರಿನಲ್ಲಿಳಿದು, ಜುನ್ನಾರ್ ಮೂಲಕ 1470ರ ಸುಮಾರಿಗೆ ಬಹಮನಿ ರಾಜ್ಯದ ಬೀದರಿಗೆ ಬಂದ. ರಾಜಧಾನಿ ಕಲಬುರಗಿಯಿಂದ ಅಲ್ಲಿಗೆ ಹೋಗಿ ಆಗಲೇ ನಾಲ್ಕು ದಶಕ ಕಳೆದಿದ್ದವು. ಮರಳಿ ಹೋಗುವಾಗ ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ ನಿಕಿತಿನ್ ತೀರಿಕೊಂಡ. ಅವನ ಬರಹ ಮಾತ್ರ 1475ರಲ್ಲಿ ಮಾಸ್ಕೋ ಸೇರಿತು. ಪಾಲಕರಲ್ಲಿ ಕೆಲವರು 1957ರ 'ಪರದೇಸಿ' ಸಿನಿಮಾ ನೋಡಿರಬಹುದು. ಅದು ಇವನ ಕಥೆಯೇ, ಪ್ರೇಮಪ್ರಸಂಗ ಮಾತ್ರ ಸಿನಿಮಾದವರದು.

ಇಂದು ಕಲಬುರಗಿಯಿಂದ ಹುಮನಾಬಾದ್ ಮಾರ್ಗವಾಗಿ ಬೀದರಿಗೆ ಹೋಗುವ ಬಸ್ಸು ಸುಮಾರು 35 ಕಿ.ಮೀ. ಸಾಗಿದರೆ ಕಮಲಾಪುರ. ಕೆಂಪು ಬಾಳೆಗೆ ಹೆಸರಾದ ಊರು. ಸುತ್ತ ತೊಗರಿ, ಕಡಲೆ, ಜೋಳದ ಹೊಲಗಳು. ಕುದುರೆಗೆ ಇಲ್ಲಿ ಕಡಲೆ ತಿನ್ನಿಸುತ್ತಾರೆಂದು ನಿಕಿತಿನ್ ಬರೆದಿದ್ದಾನೆ. ದೊಡ್ಡ ಪಟ್ಟಣಗಳ ನಡುವೆ ದಿನಕ್ಕೆ ಮೂರು, ಒಮ್ಮೊಮ್ಮೆ ನಾಲ್ಕು ಊರು ಸಿಗುತ್ತಿದ್ದವಂತೆ. ಜೂನ್ ತಿಂಗಳಿಗೆ ಶುರುವಾಗಿ ನಾಲ್ಕು ತಿಂಗಳು ಎಲ್ಲೆಲ್ಲೂ ನೀರು, ರಾಡಿ. ಆ ಕಾಲವನ್ನು ಅವನು ಕರೆದದ್ದು ಚಳಿಗಾಲವೆಂದು! ಹಿಮದ ನಾಡಿನವನಿಗೆ ದಾರಿ ಮುಚ್ಚುವ ಕಾಲವೆಂದರೆ ಅದೇ ತಾನೆ?

ಬೀದರಿನ ಅರಮನೆಗೆ ಏಳು ಬಾಗಿಲು. ಅಲ್ಲಿ ಕೂತ ಕರಣಿಕರು ಒಳಬರುವವರ, ಹೊರಹೋಗುವವರ ಹೆಸರು ಬರೆದುಕೊಳ್ಳುತ್ತಿದ್ದರು. ಸರದಾರರ ಬೆಳ್ಳಿಯ ಮಂಚ, ಮುಂದೆ ಚಿನ್ನದ ಜೀನಿನ ಕುದುರೆಗಳು, ಹಿಂದೆ ಕಹಳೆ, ನಗಾರಿ ಎಲ್ಲವನ್ನೂ ಅವನು ಎಣಿಸಿ ಬರೆದ. ಇಷ್ಟೇ ಆಗಿದ್ದರೆ ಆಸ್ಥಾನದ ಬರಹಗಾರರಿಗೂ ಅವನಿಗೂ ಏನು ವ್ಯತ್ಯಾಸ? ನಾಡಿನಲ್ಲಿ ಜನ ಬಹಳ, ಸರದಾರರು ಬಲು ವೈಭವದವರು, ಹಳ್ಳಿಯವರ ಮೈಮೇಲೆ ಮಾತ್ರ ಬಟ್ಟೆಯಿಲ್ಲ ಎಂಬುದನ್ನೂ ಬರೆದ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಬೆಲೆಬಾಳುವ ಮಾತು ಇದೇ.

ನಮ್ಮ ಆಳಂದದ ಶೇಖ್ ಅಲಾವುದ್ದೀನರ ಹೆಸರಿನ ಜಾತ್ರೆಯೂ ಇದರಲ್ಲಿದೆ. ಹತ್ತು ದಿನದ ಸಂತೆ, ಮಾರಾಟಕ್ಕೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು. ಅದೇ ಆಳಂದದಲ್ಲಿ 'ಗುಕುಕ್' ಎಂಬ ಹಕ್ಕಿ ರಾತ್ರಿ ಹಾರುತ್ತದೆ, ಅದು ಮನೆಯ ಮೇಲೆ ಕೂತರೆ ಆ ಮನೆಯಲ್ಲಿ ಸಾವು, ಕೊಲ್ಲಹೋದರೆ ಬಾಯಿಂದ ಬೆಂಕಿ ಬರುತ್ತದೆ ಎಂದಿದ್ದಾನೆ. ಗೂಬೆ ಅಲ್ಲದೆ ಮತ್ತೇನು? ಈ ಮಾತು ನಮ್ಮ ಓಣಿಗಳಲ್ಲಿ ಇನ್ನೂ ಸತ್ತಿಲ್ಲ. ಮಕ್ಕಳು ಒಂದು ಹಾಳೆಯ ನಡುವೆ ಗೆರೆ ಎಳೆದು, ನಿಕಿತಿನ್ ಕಂಡದ್ದನ್ನು ಎಡಕ್ಕೆ, ಕೇಳಿದ್ದನ್ನು ಬಲಕ್ಕೆ ಬರೆಯಲಿ. ಕುದುರೆ ಎಡಕ್ಕೆ, ಬೆಂಕಿಯ ಹಕ್ಕಿ ಬಲಕ್ಕೆ.

ಪುಸ್ತಕ ಕಳೆದುಹೋದದ್ದರಿಂದ ತನ್ನ ಹಬ್ಬಗಳ ದಿನವೇ ಅವನಿಗೆ ತಿಳಿಯದಾಯಿತು. ಮುಸಲ್ಮಾನರ ಜೊತೆ ಉಪವಾಸ ಮಾಡಿದ, ಅವರೊಂದಿಗೇ ಮುರಿದ. ಊರು ನೆನೆದು ಹಂಬಲಿಸುತ್ತಿದ್ದವನು ಒಂದು ವರ್ಷದ ಈಸ್ಟರನ್ನು ಆಚರಿಸಿದ್ದು ಕಲಬುರಗಿಯಲ್ಲಿ. ಬೀದರಿನಲ್ಲೊಮ್ಮೆ ಈಸ್ಟರ್ ರಾತ್ರಿ ಆಕಾಶ ನೋಡಿ ಕೃತ್ತಿಕೆ, ಮಹಾವ್ಯಾಧ, ಸಪ್ತರ್ಷಿಗಳು ನಿಂತ ರೀತಿಯನ್ನು ದಾಖಲಿಸಿದ. ಏಪ್ರಿಲಿನ ಒಂದು ಸಂಜೆ, ಊರ ದೀಪಗಳಿಲ್ಲದ ಕಮಲಾಪುರದ ಆಚೆಯ ಬಯಲಿಗೆ ಮಕ್ಕಳನ್ನು ಕರೆದೊಯ್ಯಿರಿ. ಪಡುವಣದ ನಸುಬೆಳಕಿನಲ್ಲಿ ಕೃತ್ತಿಕೆ ಇಳಿಯುತ್ತಿರುತ್ತದೆ, ಅದರ ಮೇಲೆ ಮಹಾವ್ಯಾಧ, ಬಡಗಣದಲ್ಲಿ ಸಪ್ತರ್ಷಿಗಳು. ದುರ್ಬೀನು ಬೇಡ, ಒಂದು ನೋಟ್‌ಬುಕ್ಕು, ಪೆನ್ಸಿಲ್ ಸಾಕು.