ಹಂಪನಕಟ್ಟೆಯ ಗಣಿತದ ಮೇಷ್ಟ್ರು

"ಲೈಬ್ರೇರಿಯನ್ ಕೆಲಸವಾ? ಇಡೀ ದಿನ ಓದ್ಲಿಕ್ಕೆ ಸಿಗ್ತದಲ್ಲ ಮಾರಾಯ್ರೆ!" ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ಹೀಗೆ ಹೊಟ್ಟೆಕಿಚ್ಚು ಪಟ್ಟಾಗ ನಕ್ಕು ಸುಮ್ಮನಾಗುತ್ತೇನೆ. ಹೊಸ ಪುಸ್ತಕಕ್ಕೆ ಮೊಹರು ಒತ್ತಿ, ನಂಬರು ಬರೆದು, ಬೆನ್ನಿಗೆ ಚೀಟಿ ಅಂಟಿಸುವಷ್ಟರಲ್ಲಿ ಅದರ ಮುಖಪುಟ ಕಂಡರೆ ಹೆಚ್ಚು. ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು: "ಈ ಲೈನಿಗೆ ಹೇಗೆ ಬಂದದ್ದು?" ಕೆನರಾ, ಕರ್ಣಾಟಕ, ವಿಜಯಾ ಬ್ಯಾಂಕುಗಳು ಹುಟ್ಟಿದ ಊರು ನಮ್ಮ ಮಂಗಳೂರು. ಬ್ಯಾಂಕಿಗೆ ಯಾಕೆ ಸೇರಿದಿರೆಂದು ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ಆಗೆಲ್ಲ ನನಗೆ ಹಂಪನಕಟ್ಟೆ ನೆನಪಾಗುತ್ತದೆ. ಕಂಡಕ್ಟರುಗಳು "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್" ಎಂದು ಬಸ್ಸಿನ ಬಾಗಿಲಿಗೆ ಜೋತು ಕೂಗುವ ಆ ಗದ್ದಲದ ಮಗ್ಗುಲಲ್ಲೇ ವಿಶ್ವವಿದ್ಯಾನಿಲಯ ಕಾಲೇಜಿದೆ. ಹಿಂದೆ ಅದು ಸರಕಾರಿ ಕಾಲೇಜು. 1917ರಲ್ಲಿ ಅಲ್ಲಿ ಗಣಿತ ಕಲಿಸಲು ಬಂದ ಶೀರ್ಕಾಳಿಯ ತರುಣ ಎಸ್. ಆರ್. ರಂಗನಾಥನ್. ನಾವಾಗ ಮದ್ರಾಸ್ ಪ್ರಾಂತ್ಯದವರು. ತಮಿಳು ಮೇಷ್ಟ್ರಿಗೆ ಮಂಗಳೂರಿಗೆ ವರ್ಗವಾಗುವುದು ವಿಶೇಷವೇನಲ್ಲ. 1920ರಲ್ಲಿ ಇಲ್ಲಿಂದ ಹೊರಟರು.

ಮುಂದೆ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿಕೊಂಡ ಇವರಿಗೆ ಆಗ ಆ ಕಸುಬಿನ ಗಂಧಗಾಳಿಯೂ ಇರಲಿಲ್ಲ. ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕ ಹುದ್ದೆಗೆ ಅರ್ಜಿ ಹಾಕಿ ಮರೆತೇಬಿಟ್ಟಿದ್ದರಂತೆ. ಸಂದರ್ಶನಕ್ಕೆ ಕರೆ ಬಂದಾಗ ಬ್ರಿಟಾನಿಕಾ ವಿಶ್ವಕೋಶದ ಒಂದು ಲೇಖನ ಓದಿಕೊಂಡು ಹೋದರು, ಕೆಲಸ ಸಿಕ್ಕಿತು. 1924ರ ಜನವರಿಯಲ್ಲಿ ಸೇರಿದವರಿಗೆ ಕೆಲವೇ ವಾರಗಳಲ್ಲಿ ಬೇಸರ ಹತ್ತಿತು. ಪಾಠ ಕೇಳುವ ಹುಡುಗರಿಲ್ಲ, ಪುಸ್ತಕಗಳ ನಡುವೆ ಒಂಟಿ ಪಿಶಾಚಿ. ತಾವು ಮೊದಲು ಪಾಠ ಹೇಳುತ್ತಿದ್ದ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ, ವಾಪಸ್ ತೆಗೆದುಕೊಳ್ಳಿ ಎಂದು ಅಂಗಲಾಚಿದರು. ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ಬರಬಹುದು ಎಂಬ ಉತ್ತರ ಬಂತು.

ಲಂಡನ್ನಿನಲ್ಲಿ, ಸೆಲ್ಫ್ರಿಜಸ್ ಅಂಗಡಿಯಲ್ಲಿ, ಅವರ ಕಣ್ಣಿಗೆ ಬಿದ್ದದ್ದು ಮೆಕ್ಯಾನೋ ಎಂಬ ಆಟಿಕೆ. ಅವೇ ಲೋಹದ ಪಟ್ಟಿಗಳು, ಅವೇ ನಟ್ಟು ಬೋಲ್ಟುಗಳು. ಜೋಡಿಸುವ ಬಗೆ ಬದಲಾದರೆ ಒಮ್ಮೆ ಕ್ರೇನು, ಒಮ್ಮೆ ಸೇತುವೆ. ಜ್ಞಾನದ ವಿಷಯಗಳನ್ನೂ ಹೀಗೆ ಬಿಡಿಭಾಗಗಳಾಗಿ ಬಿಚ್ಚಿ ಜೋಡಿಸಬಹುದಲ್ಲ! 1933ರಲ್ಲಿ ಹೊರಬಂದ, ಪುಸ್ತಕಗಳನ್ನು ವಿಂಗಡಿಸುವ ಅವರ ಕೋಲನ್ ವರ್ಗೀಕರಣ ಪದ್ಧತಿಯ ಬೀಜ ಅದು. ಊರಿಗೆ ಮರಳಿದವರು ಮತ್ತೆ ಗಣಿತದ ಕೆಲಸ ಕೇಳಲಿಲ್ಲ.

ಪುಸ್ತಕದ ಪ್ರೀತಿಯೇ ಈ ಕಸುಬಿಗೆ ಎಳೆತರುತ್ತದೆ ಎಂಬುದು ಹೊರಗಿನವರ ನಂಬಿಕೆ. ರಂಗನಾಥನ್ ತರಗತಿಯಲ್ಲಿ ಕಳೆದುಕೊಂಡ ಹುಡುಗರನ್ನು ಗ್ರಂಥಾಲಯದಲ್ಲಿ ಓದುಗರಾಗಿ ಮರಳಿ ಪಡೆದರೆಂದು ನನ್ನ ಗುಮಾನಿ. ಗ್ರಂಥಾಲಯ ವಿಜ್ಞಾನಕ್ಕೆ ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಹಾಳಾಗದಿರಲಿ ಎನ್ನುತ್ತದೆ. ಬೆಲ್ಲು ಹೊಡೆಯುವ ಮೊದಲು ಲೆಕ್ಕ ಮುಗಿಸಿ ಅಭ್ಯಾಸವಿದ್ದ ಮೇಷ್ಟ್ರ ಮಾತದು.

ನಾನಾದರೂ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಗ, ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯ ವಿಜ್ಞಾನದ ಸೀಟು ಸಿಕ್ಕಿತೆಂದು ಸೇರಿದವನು. ಉಳಿದದ್ದು ಕೌಂಟರಿನ ದೆಸೆಯಿಂದ. "ಹೆಸರು ನೆನಪಿಲ್ಲ ಸಾರ್, ನೀಲಿ ಬೈಂಡು, ಹೋದ ಸಲ ಕಿಟಕಿ ಹತ್ರ ಇತ್ತು" ಎಂದು ಹುಡುಗಿಯೊಬ್ಬಳು ಬರುತ್ತಾಳೆ. ಅಷ್ಟೇ ಗುರುತಿನಲ್ಲಿ ಪುಸ್ತಕ ಹುಡುಕಿ ಕೈಗಿತ್ತ ದಿನ ಸಂಬಳದ ನೆನಪಾಗುವುದಿಲ್ಲ. ತಿಂಗಳ ಕೊನೆಗೆ ಅದು ತಾನಾಗಿಯೇ ಆಗುತ್ತದೆ.