ನಾನು ಕಲಿಸಿದ ಸುಳ್ಳು

ಇತಿಹಾಸದ ಪಾಠ ಮಕ್ಕಳಿಗೆ ಬೇಸರವಾಗದಿರಲಿ ಎಂದು ಮೇಷ್ಟ್ರುಗಳು ಕೆಲವು ಕಥೆಗಳನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತಾರೆ. ನನ್ನ ಬಳಿಯೂ ಅಂಥದ್ದೊಂದು ಇತ್ತು. ಹಾವೇರಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಯುರೋಪಿನ ಇತಿಹಾಸ ಹೇಳುತ್ತಿದ್ದ ನಾನು, ಎರಡನೆಯ ಮಹಾಯುದ್ಧದ ಅಧ್ಯಾಯ ಬಂದಾಗಲೆಲ್ಲ ಅದನ್ನು ಹೇಳುತ್ತಿದ್ದೆ. ಸುಮಾರು 60 ಲಕ್ಷ ಯಹೂದಿಗಳನ್ನು ಕೊಲ್ಲಿಸಿದ ಹಿಟ್ಲರನ ಸ್ವಂತ ಅಜ್ಜನೇ ಯಹೂದಿ. ಅವನ ಅಜ್ಜಿ ಗ್ರಾಜ್ ಪಟ್ಟಣದ ಶ್ರೀಮಂತ ಯಹೂದಿ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದಳು. ಆ ಮನೆಯ ಮಗನಿಂದ ಬಸಿರಾದಳು. ಇದು ಹೊರಬೀಳಬಾರದೆಂದು ಹಿಟ್ಲರ್ ಜೀವಮಾನವೆಲ್ಲ ಹೆದರಿದ. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನವರೂ ತಲೆ ಎತ್ತಿರುತ್ತಿದ್ದರು.

ಹಿಟ್ಲರನನ್ನು ಸಣ್ಣವನನ್ನಾಗಿ ಮಾಡುತ್ತಿದ್ದೇನೆ, ಜನಾಂಗದ ಶುದ್ಧಿಯ ಮಾತಾಡಿದವನ ಸೊಕ್ಕು ಮುರಿಯುತ್ತಿದ್ದೇನೆ ಎಂದೇ ನಾನು ನಂಬಿದ್ದೆ. ಎಲ್ಲಿ ಓದಿದ್ದೆನೋ, ಅದಕ್ಕೆ ಆಧಾರವೇನೋ ವಿಚಾರಿಸಿರಲಿಲ್ಲ. ಒಂದು ವರ್ಷ ಕಿರುಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಒಬ್ಬ ಹುಡುಗ ಬರೆದಿದ್ದ: ಹಿಟ್ಲರನ ಮೈಯಲ್ಲಿ ಯಹೂದಿ ರಕ್ತ ಇದ್ದುದರಿಂದಲೇ ಅವನು ಅಷ್ಟು ಕ್ರೂರಿಯಾದ. ನಾನು ಅದಕ್ಕೆ ಅಂಕ ಕೊಟ್ಟು ಮುಂದಿನ ಹಾಳೆಗೆ ಹೋದೆ. ಪಾಠ ನೆನಪಿಟ್ಟುಕೊಂಡಿದ್ದಾನೆ ಎಂಬ ಸಮಾಧಾನವೂ ಆಯಿತು.

ತಪ್ಪನ್ನು ತೋರಿಸಿಕೊಟ್ಟವಳು ಅದೇ ತರಗತಿಯ ಹುಡುಗಿ. ಉತ್ತರಪತ್ರಿಕೆ ಹಿಂದಿರುಗಿಸಿದ ಮೇಲೆ, ಆ ಹುಡುಗನ ಉತ್ತರ ನೋಡಿ, ಸ್ಟಾಫ್ ರೂಮಿಗೆ ಬಂದು ನಿಂತಳು. “ಮೇಡಂ, ಹಂಗಾದ್ರ ತಪ್ಪು ಸತ್ತವರ ಮ್ಯಾಲೇ ಹೋತಲ್ರೀ?” ಅಂದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು: “ನಮ್ಮ ಅಜ್ಜೀದು ಉಡಕಿ ಲಗ್ನ ರೀ. ಇವತ್ತಿಗೂ ಊರಾಗ ನಮ್ಮ ಅಪ್ಪ ಏನಾರ ಮಾತಾಡಿದ್ರ, ಅಂವನ ಮೂಲಾನ ಬ್ಯಾರೆ ಐತಿ ಅಂತಾರ.” ಉಡಕಿ ಎಂದರೆ ಹೆಣ್ಣಿನ ಮರುಮದುವೆ. ಹುಡುಗಿ ಕಣ್ಣೀರು ಹಾಕಲಿಲ್ಲ, ಸಿಟ್ಟೂ ಮಾಡಲಿಲ್ಲ. ನಾನು ಕಥೆ ಹೇಳುವಾಗ ತರಗತಿಯಲ್ಲಿ ಎಲ್ಲರೂ ಕಿವಿ ನಿಮಿರಿಸಿ ಕೂತಿದ್ದರೆ, ಇವಳು ಮಾತ್ರ ಆ ಅಡುಗೆಯ ಹೆಂಗಸಿನ ಕಡೆ ನಿಂತು ಕೇಳಿಸಿಕೊಂಡಿದ್ದಳು.

ಮಾಡಬೇಕಾದ ಓದನ್ನು ನಾನು ಮಾಡಿದ್ದು ಅದಾದ ಮೇಲೆ. ಆ ಕಥೆಯ ಮೂಲ ಒಬ್ಬನೇ ಒಬ್ಬ ಮನುಷ್ಯ: ಹಿಟ್ಲರನ ವಕೀಲನಾಗಿದ್ದ, ಮುಂದೆ ಆಕ್ರಮಿತ ಪೋಲೆಂಡನ್ನು ಆಳಿದ ಹಾನ್ಸ್ ಫ್ರಾಂಕ್. ನ್ಯೂರೆಂಬರ್ಗ್ ಸೆರೆಮನೆಯಲ್ಲಿ ಬರೆದಿಟ್ಟ ನೆನಪುಗಳಲ್ಲಿ ಅವನು ಈ ಕಥೆ ಹೇಳಿದ್ದಾನೆ. 1946ರ ಅಕ್ಟೋಬರ್‌ನಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಪುಸ್ತಕ ಅಚ್ಚಾದದ್ದು 1953ರಲ್ಲಿ. ಹಿಟ್ಲರನ ಅಪ್ಪ ಅಲೋಯಿಸ್ 1837ರಲ್ಲಿ ಆಸ್ಟ್ರಿಯಾದ ಸ್ಟ್ರೋನೆಸ್ ಎಂಬ ಹಳ್ಳಿಯಲ್ಲಿ ಮದುವೆಯಾಗದ ಮಾರಿಯಾ ಅನ್ನಾ ಶಿಕಲ್‌ಗ್ರೂಬರ್‌ಗೆ ಹುಟ್ಟಿದ್ದು ನಿಜ. ಚರ್ಚಿನ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಇದ್ದದ್ದೂ ನಿಜ. ಆದರೆ ಆಕೆ ಗ್ರಾಜ್‌ನಲ್ಲಿ ಇದ್ದಳೆನ್ನಲು ದಾಖಲೆ ಇಲ್ಲ. ಫ್ರಾಂಕ್ ಹೇಳುವ ಫ್ರಾಂಕೆನ್‌ಬರ್ಗರ್ ಎಂಬ ಯಹೂದಿ ಕುಟುಂಬವೂ ಅಲ್ಲಿ ಸಿಕ್ಕಿಲ್ಲ. ಗ್ರಾಜ್ ಇರುವ ಪ್ರಾಂತದಿಂದ ಯಹೂದಿಗಳನ್ನು 15ನೆಯ ಶತಮಾನದ ಕೊನೆಗೇ ಹೊರಹಾಕಲಾಗಿತ್ತು. ಇಯಾನ್ ಕರ್ಷಾ ಅವರಂಥ ಇತಿಹಾಸಕಾರರು ಈ ಕಥೆಯನ್ನು ಒಪ್ಪುವುದಿಲ್ಲ. ಖಾಲಿ ಬಿಟ್ಟ ಒಂದು ಜಾಗದಲ್ಲಿ ಸಾಯಲಿರುವ ನಾಜಿಯೊಬ್ಬ ಯಹೂದಿಯ ಹೆಸರು ತುಂಬಿದ. ನಾನು ಅದನ್ನು ಹಾವೇರಿಯ ಮಕ್ಕಳಿಗೆ ದಾಟಿಸಿದೆ.

ಇಂಥದೇ ಇನ್ನೊಂದು ಪ್ರಕರಣ ಓದಿದಾಗ ಆ ಹುಡುಗಿಯ ಮಾತು ಮತ್ತೆ ಎದುರು ನಿಂತಿತು. ಯಹೂದಿಗಳ ಸಾಮೂಹಿಕ ಹತ್ಯೆಯ ಏರ್ಪಾಡಿಗಾಗಿ 1942ರ ಜನವರಿಯಲ್ಲಿ ವಾನ್‌ಸೇ ಸಭೆ ಕರೆದ ರೈನ್‌ಹಾರ್ಡ್ ಹೈಡ್ರಿಕ್ ಕೂಡ ಗುಟ್ಟಾಗಿ ಯಹೂದಿಯೇ ಎಂಬ ಗುಲ್ಲು ಜರ್ಮನಿಯಲ್ಲಿತ್ತು. ಕಾರಣ ಇಷ್ಟು: ಅವನ ಅಜ್ಜ ತೀರಿಕೊಂಡ ಮೇಲೆ ವಿಧವೆ ಅಜ್ಜಿ ಬೀಗ ಮಾಡುವ ಕಸುಬಿನ ಸೂಸ್ ಎಂಬವನನ್ನು ಮದುವೆಯಾದಳು. ಸೂಸ್ ಎಂಬುದು ಕೆಲವರ ಕಿವಿಗೆ ಯಹೂದಿ ಹೆಸರಿನಂತೆ ಕೇಳಿಸಿತು. ಸಂಗೀತಗಾರನಾಗಿದ್ದ ಅವಳ ಮಗ, ಅಂದರೆ ಹೈಡ್ರಿಕ್‌ನ ಅಪ್ಪ ಬ್ರೂನೋನನ್ನು 1916ರ ಸಂಗೀತ ಕೋಶವೊಂದು ‘ನಿಜವಾಗಿ ಸೂಸ್’ ಎಂದು ಗುರುತಿಸಿತು. ಆ ಸೂಸ್ ಯಹೂದಿಯೂ ಅಲ್ಲ, ಬ್ರೂನೋನ ಹೆತ್ತ ತಂದೆಯೂ ಅಲ್ಲ. 1932ರಲ್ಲಿ ನಾಜಿ ಪಕ್ಷವೇ ವಂಶಾವಳಿ ತೆಗೆಸಿ ನೋಡಿ, ಯಹೂದಿ ಮೂಲ ಇಲ್ಲವೆಂದು ಬರೆಯಿತು. ಆದರೂ ಗುಲ್ಲು ಅಡಗಲಿಲ್ಲ. ಒಂದು ಕಡೆ ಮದುವೆಯಾಗದ ತಾಯಿ, ಇನ್ನೊಂದು ಕಡೆ ಮರುಮದುವೆಯಾದ ವಿಧವೆ. ಗುಪ್ತ ಮೂಲದ ಕಥೆಗಳು ಹೆಚ್ಚಾಗಿ ಹುಳುಕು ಹುಡುಕುವುದು ಇಂಥ ಬಡ ಹೆಂಗಸರ ಬದುಕಿನಲ್ಲೇ.

ಈ ಹುಡುಕಾಟ ನಾಜಿಗಳಿಂದ ಶುರುವಾದದ್ದಲ್ಲ. 1449ರಲ್ಲಿ ಸ್ಪೇನಿನ ಟೊಲೆಡೊ ನಗರ, ಯಹೂದಿ ಮೂಲದಿಂದ ಕ್ರೈಸ್ತರಾದವರಿಗೆ ಸಾರ್ವಜನಿಕ ಹುದ್ದೆಗಳನ್ನು ನಿಷೇಧಿಸಿತು. ಮತ ಬದಲಾಗಿದ್ದರೂ ರಕ್ತ ಬದಲಾಗಿಲ್ಲ ಎಂಬುದು ಅದರ ವಾದ. ಅಲ್ಲಿಂದ ಮುಂದೆ ದೊಡ್ಡ ಮನೆತನಗಳ ಪೂರ್ವಜರನ್ನು ಕೆದಕಿ ಕಳಂಕ ಹಚ್ಚುವ ಹಸ್ತಪ್ರತಿಗಳು ಕೈಯಿಂದ ಕೈಗೆ ಓಡಾಡಿದವು. ಆ ಗಾಳಿ ಪೋರ್ಚುಗೀಸರ ಕೈಯಲ್ಲಿದ್ದ ನಮ್ಮ ನೆರೆಯ ಗೋವೆಗೂ ಬೀಸಿತು. ಇಲ್ಲಿನ ಗಿಡಮೂಲಿಕೆಗಳ ಬಗ್ಗೆ 1563ರಲ್ಲಿ ಗೋವೆಯಲ್ಲೇ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ತಾ ಅಂಥ ಯಹೂದಿ ಮೂಲದ ಕುಟುಂಬದವನು. ಅವನು ಸತ್ತ ಮರುವರ್ಷ, 1569ರಲ್ಲಿ, ಗೋವೆಯ ಇನ್‌ಕ್ವಿಸಿಷನ್ ಎಂಬ ಕ್ರೈಸ್ತ ಧರ್ಮನ್ಯಾಯಾಲಯ ಅವನ ತಂಗಿ ಕತರೀನಾಳನ್ನು ಸುಟ್ಟಿತು. 1580ರಲ್ಲಿ ಅವನ ಎಲುಬುಗಳನ್ನು ಅಗೆದು ತೆಗೆದು ಅವನ್ನೂ ಸುಟ್ಟರು. ಜರ್ಮನಿಯಲ್ಲಿ 1912ರಲ್ಲಿ, ಶ್ರೀಮಂತ ಮನೆತನಗಳಲ್ಲಿ ಯಹೂದಿ ರಕ್ತ ಎಲ್ಲೆಲ್ಲಿ ಸೇರಿದೆ ಎಂದು ಪಟ್ಟಿ ಮಾಡಿದ ‘ಸೆಮಿ-ಗೋಥಾ’ ಎಂಬ ಪುಸ್ತಕವೇ ಹೊರಬಂತು. 1935ರ ನ್ಯೂರೆಂಬರ್ಗ್ ಕಾನೂನುಗಳು ಬಂದ ಮೇಲೆ ಅದೇ ಹುಡುಕಾಟ ಸರ್ಕಾರದ ಕೆಲಸವಾಯಿತು. ಅಜ್ಜ ಅಜ್ಜಿಯರು ಯಾವ ಮತಕ್ಕೆ ಸೇರಿದ್ದರು ಎಂಬ ಲೆಕ್ಕದ ಮೇಲೆ ಮೊಮ್ಮಕ್ಕಳ ಪೌರತ್ವ ನಿಂತಿತು.

ಮುಚ್ಚಿಟ್ಟ ಯಹೂದಿ ಮೂಲ ಎಂಬುದು ನಿಜಕ್ಕೂ ಇಲ್ಲವೇ? ಇದೆ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಮ್ಯಾಡಲೀನ್ ಆಲ್‌ಬ್ರೈಟ್ ಕ್ಯಾಥಲಿಕ್ ಆಗಿ ಬೆಳೆದವರು. ಅವರ ಹಿರಿಯರು ಯಹೂದಿಗಳೆಂಬುದು, ಅಜ್ಜ ಅಜ್ಜಿಯರಲ್ಲಿ ಮೂವರು ನಾಜಿ ಹತ್ಯಾಕಾಂಡದಲ್ಲಿ ಸತ್ತರೆಂಬುದು 1997ರಲ್ಲಿ ಪತ್ರಕರ್ತರ ಶೋಧದಿಂದ ಬಯಲಾಯಿತು. ಅಲ್ಲಿ ಲೋಕವನ್ನು ಆಳುವ ಒಳಸಂಚು ಯಾವುದೂ ಇರಲಿಲ್ಲ. ಬೆನ್ನಟ್ಟಿ ಬರುವ ಸಾವಿನಿಂದ ಮಗುವನ್ನು ಉಳಿಸಿಕೊಂಡ ತಂದೆ ತಾಯಿ ಇದ್ದರು. ಜನ ಮೂಲವನ್ನು ಮುಚ್ಚಿಟ್ಟರೆ ಅದಕ್ಕೆ ಕಾರಣ ಭಯ. ಆ ಭಯ ಹುಟ್ಟಿಸಿದವರೇ ಮುಚ್ಚಿಟ್ಟದ್ದನ್ನು ಸಂಚು ಎಂದು ಕರೆಯುತ್ತಾರೆ.

ಇಂಥ ಗುಲ್ಲಿಗೆ ಉತ್ತರ ಹೇಗಿರಬೇಕು ಎಂಬುದಕ್ಕೂ ಒಂದು ಉದಾಹರಣೆ ಇದೆ. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರದು ಡಚ್ ಮೂಲದ ಮನೆತನ. ಅವರ ವಿರೋಧಿಗಳು ಆ ಹೆಸರನ್ನು ತಿರುಚಿ, ಇವರು ಯಹೂದಿಗಳೇ ಎಂದು ಹಬ್ಬಿಸಿದ್ದರು. 1935ರಲ್ಲಿ ಡೆಟ್ರಾಯಿಟ್‌ನ ಯಹೂದಿ ಪತ್ರಿಕೆಯ ಸಂಪಾದಕರೊಬ್ಬರು ಈ ಬಗ್ಗೆ ಕೇಳಿದಾಗ ಅವರು ಕೊಟ್ಟ ಉತ್ತರದ ಸಾರ ಇದು: ಬಹಳ ಹಿಂದೆ ನನ್ನ ಪೂರ್ವಜರು ಯಹೂದಿಗಳಾಗಿದ್ದಿರಬಹುದು, ಕ್ಯಾಥಲಿಕ್ಕರೋ ಪ್ರಾಟೆಸ್ಟಂಟರೋ ಆಗಿದ್ದಿರಬಹುದು, ಅವರು ಒಳ್ಳೆಯ ನಾಗರಿಕರೂ ದೈವಭಕ್ತರೂ ಆಗಿದ್ದರೇ ಎಂಬುದರಲ್ಲೇ ನನಗೆ ಆಸಕ್ತಿ. ಅವರು ‘ಅಲ್ಲ’ ಎಂದು ಆಣೆ ಹಾಕಲು ಹೋಗಲಿಲ್ಲ. ಹಾಕಿದ್ದರೆ ಯಹೂದಿಯಾಗುವುದು ಒಂದು ಕಳಂಕ ಎಂದು ಒಪ್ಪಿದಂತಾಗುತ್ತಿತ್ತು. ತರಗತಿಯಲ್ಲಿ ನಾನು ಒಪ್ಪಿದ್ದು ಅದನ್ನೇ. ಹಿಟ್ಲರನನ್ನು ಅವಮಾನಿಸಲು ಅವನನ್ನು ಯಹೂದಿ ಎಂದರೆ ಸಾಕು ಎಂದುಕೊಂಡ ಕ್ಷಣದಲ್ಲೇ ನಾನು ಹಿಟ್ಲರನ ಅಳತೆಗೋಲನ್ನು ಕೈಗೆತ್ತಿಕೊಂಡಿದ್ದೆ.

ಮುಂದಿನ ತರಗತಿಯಲ್ಲೇ ಮಕ್ಕಳ ಎದುರು, ನಾನು ಹೇಳಿದ್ದು ಸುಳ್ಳು, ಆ ಉತ್ತರಕ್ಕೆ ಅಂಕ ಕೊಟ್ಟದ್ದು ನನ್ನದೇ ತಪ್ಪು ಎಂದೆ. ಆ ಹುಡುಗನನ್ನು ಒಬ್ಬನೇ ಇದ್ದಾಗ ಕರೆದು ಕೂರಿಸಿಕೊಂಡು ಮಾತಾಡಿದೆ. ಅವನು ನನ್ನ ಮಾತನ್ನೇ ಅದು ಹೋಗುವ ಕಡೆಗೆ ಮುಂದುವರಿಸಿದ್ದ, ಅಷ್ಟೆ. ಆದರೆ ಅದಕ್ಕೂ ಮೊದಲಿನ ತರಗತಿಗಳ ಮಕ್ಕಳು ಊರೂರಿಗೆ ಹೋಗಿಯಾಗಿತ್ತು. ಅವರಲ್ಲಿ ಕೆಲವರು ಈಗ ಶಾಲಾ ಮಾಸ್ತರರು. ನನ್ನ ಸುಳ್ಳು ಅವರ ಬಾಯಲ್ಲಿ ಇನ್ನೂ ಪಾಠವಾಗಿ ನಡೆಯುತ್ತಿರಬಹುದು. ಅದನ್ನು ಹಿಂದಕ್ಕೆ ತರುವ ದಾರಿ ನನಗೆ ಸಿಕ್ಕಿಲ್ಲ. ಈ ಬರಹದ ಒಂದು ಕಾರಣ ಅದೇ.

ಇನ್ನೊಂದು ಕಾರಣ, ಆ ಸುಳ್ಳು ಹೊರಗಿನ ಲೋಕದಲ್ಲೂ ಓಡಾಡುತ್ತಿರುವುದು. 2022ರ ಮೇ ತಿಂಗಳಲ್ಲಿ ರಷ್ಯಾದ ವಿದೇಶಾಂಗ ಸಚಿವ ಸೆರ್ಗೈ ಲಾವ್ರೋವ್ ಇಟಲಿಯ ಟೀವಿಯಲ್ಲಿ ಇದೇ ಕಥೆ ಎತ್ತಿದರು. ಉಕ್ರೇನಿನಲ್ಲಿ ನಾಜಿಗಳಿದ್ದಾರೆ, ಅದರ ಅಧ್ಯಕ್ಷರು ಯಹೂದಿಯಾಗಿದ್ದರೇನಾಯಿತು, ಹಿಟ್ಲರನಲ್ಲೂ ಯಹೂದಿ ರಕ್ತ ಇತ್ತು ಎಂಬುದು ಅವರ ವಾದವಾಗಿತ್ತು. ಹತ್ಯಾಕಾಂಡದಲ್ಲಿ ಯಹೂದಿಗಳು ತಮ್ಮನ್ನು ತಾವೇ ಕೊಂದುಕೊಳ್ಳಲಿಲ್ಲ ಎಂದು ಇಸ್ರೇಲಿನ ವಿದೇಶಾಂಗ ಸಚಿವ ಯಾಯಿರ್ ಲಾಪಿಡ್ ಖಂಡಿಸಿದರು. ಸುದ್ದಿ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ತಪ್ಪು ಸತ್ತವರ ಮೇಲೆ ಹೋಗುತ್ತದೆ ಎಂದು ನನ್ನ ವಿದ್ಯಾರ್ಥಿನಿ ಎಂದೋ ಹೇಳಿದ್ದಳು.

ಪಾಠ ಹೇಳುವ ಎಲ್ಲರಲ್ಲೂ, ಮೊಬೈಲಿನಲ್ಲಿ ಬಂದದ್ದನ್ನು ನಾಲ್ಕು ಜನಕ್ಕೆ ಕಳಿಸುವ ಎಲ್ಲರಲ್ಲೂ ನನ್ನದೊಂದು ಕೋರಿಕೆ. ಯಾವುದೋ ದೊಡ್ಡ ಮನೆತನದ ಗುಪ್ತ ಮೂಲ ಇಂಥದ್ದು ಎಂದು ಯಾರಾದರೂ ಹೇಳಿದರೆ, ದಾಖಲೆ ಎಲ್ಲಿದೆ ಎಂದು ಮೊದಲು ಕೇಳಿ. ದಾಖಲೆ ಇದ್ದರೂ ಅಲ್ಲಿಗೇ ನಿಲ್ಲಬೇಡಿ; ಅದರಿಂದ ಏನು ಸಾಬೀತಾಯಿತು ಎಂದೂ ಕೇಳಿ. ಮನುಷ್ಯ ಮಾಡಿದ ಕೇಡಿಗೆ ಅವನೇ ಹೊಣೆ, ಅವನ ಅಜ್ಜಿ ಅಲ್ಲ.